ಸಣ್ಣ ಊರಲ್ಲಿ ಫ್ರೀಲಾನ್ಸ್ ವೆಬ್ ಕೆಲಸ: ಯಾವ ಟೂಲ್ ಹಿಡಿಯಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಂಪನಿಯೊಂದರಲ್ಲಿ ಎರಡು ವರ್ಷ ರಿಯಾಕ್ಟ್ (ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಕೆಲಸ ಮಾಡಿದೆ. ಈಗ ಶಿವಮೊಗ್ಗಕ್ಕೆ ವಾಪಸ್ ಬಂದು ಸ್ವಂತವಾಗಿ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದ್ದೇನೆ. ಇಬ್ಬರು ಗ್ರಾಹಕರು ಸಿಕ್ಕಿದ್ದಾರೆ. ಒಂದು ಹೋಮ್‌ಸ್ಟೇ, ಇನ್ನೊಂದು ಕನ್ನಡ ಮಾಸಪತ್ರಿಕೆ ತರುವ ಟ್ರಸ್ಟ್. ಎರಡನ್ನೂ ರಿಯಾಕ್ಟ್ ಮೇಲೆ ನಿಂತ ನೆಕ್ಸ್ಟ್ ಜೆಎಸ್‌ನಲ್ಲಿ ಮಾಡಲಾ, ಕೋಡ್ ಬರೆಯದೆ ಲೇಖನ ಹಾಕಬಹುದಾದ ವರ್ಡ್‌ಪ್ರೆಸ್ ಕಲಿಯಲಾ, ತಲೆ ಓಡುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ:
ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಟೂಲ್ ಯಾವುದು ಅಂತ ಯೋಚಿಸುವ ಮೊದಲು ಒಂದು ವಿಷಯ ಕೇಳಿಕೊಳ್ಳಿ: ಮೂರು ವರ್ಷ ಬಿಟ್ಟು ಈ ಸೈಟಿಗೆ ಯಾರು ಕೈ ಹಾಕುತ್ತಾರೆ? ಕಂಪನಿಯಲ್ಲಿ ಟೀಮ್ ಇರುತ್ತದೆ, ಹಳೆಯದಾದದ್ದನ್ನು ಯಾರೋ ಅಪ್‌ಡೇಟ್ ಮಾಡುತ್ತಾ ಇರುತ್ತಾರೆ. ಇಲ್ಲಿ ನೀವೊಬ್ಬರೇ, ಅದೂ ಹತ್ತು ಬೇರೆ ಕೆಲಸಗಳ ನಡುವೆ.

ನನಗೆ ಇದು ಗೊತ್ತಾಗಿದ್ದು ಒಂದು ಬಟ್ಟೆ ಅಂಗಡಿಯ ಸೈಟಿನಿಂದ. 2019ರಲ್ಲಿ ಮಾಡಿಕೊಟ್ಟಿದ್ದೆ. ಇದ್ದದ್ದು ಐದೇ ಪುಟ, ಆದರೂ ರಿಯಾಕ್ಟ್, ಸ್ಯಾಸ್ (ಪುಟದ ಅಲಂಕಾರದ ಕೋಡ್ ಆದ ಸಿಎಸ್‌ಎಸ್ ಬರೆಯಲು ಸುಲಭ ಮಾಡುವ ಭಾಷೆ), ಇನ್ನೂ ಏನೇನೋ ಸೇರಿಸಿದ್ದೆ. 2022ರಲ್ಲಿ ಮಾಲೀಕರು ಫೋನ್ ಮಾಡಿ, "ನಂಬರ್ ಬದಲಾಗಿದೆ, ಅದೊಂದು ಸರಿ ಮಾಡಿಕೊಡಿ" ಅಂದರು. ಐದು ನಿಮಿಷದ ಕೆಲಸ ಅಲ್ವಾ? ಹೊಸ ಲ್ಯಾಪ್‌ಟಾಪಿನಲ್ಲಿ ಸೈಟಿಗೆ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ಇಳಿಸಿಕೊಳ್ಳುವ ಎನ್‌ಪಿಎಂ ಇನ್‌ಸ್ಟಾಲ್ ಆದೇಶ ಕೊಟ್ಟೆ. ಪರದೆ ತುಂಬಾ ಕೆಂಪು ಸಾಲು. ಸಿ++ ಕೋಡನ್ನು ಕಂಪೈಲ್ ಮಾಡುವ ನೋಡ್-ಜಿಪ್‌ನಿಂದ ಎರರ್, ಪೈಥಾನ್ ಎಲ್ಲಿ ಅಂತ ಬೇರೆ ಕೇಳುತ್ತಿದೆ. ಸ್ಯಾಸನ್ನು ಸಿಎಸ್‌ಎಸ್‌ಗೆ ಬದಲಿಸುವ ನೋಡ್-ಸ್ಯಾಸ್ ಒಳಗೆ ಸಿ++ ಕೋಡ್ ಇರುತ್ತದೆ, ಅದರ ಒಂದೊಂದು ಆವೃತ್ತಿ ನೋಡ್‌ನ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಕೆಲವೇ ಆವೃತ್ತಿಗಳ ಜೊತೆ ನಡೆಯುತ್ತದೆ. ಅದರ ಕೆಳಗಿದ್ದ ಲಿಬ್‌ಸ್ಯಾಸನ್ನು 2020ರಲ್ಲೇ ಕೈಬಿಡುವುದಾಗಿ ಸ್ಯಾಸ್ ತಂಡದವರೇ ಹೇಳಿದ್ದರು, ನಾನು ಗಮನಿಸಿರಲಿಲ್ಲ. ಒಂದು ಫೋನ್ ನಂಬರ್ ಬದಲಿಸಲು ರಾತ್ರಿ ಹನ್ನೊಂದೂವರೆ ಆಯಿತು. ಅದಕ್ಕೆ ದುಡ್ಡು ಕೇಳಲು ಮನಸ್ಸು ಬರಲಿಲ್ಲ.

ಅಂದಿನಿಂದ ಚಿಕ್ಕ ಸೈಟ್‌ಗಳಿಗೆ ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಬೇಕಾದಲ್ಲಿ ನಾಲ್ಕು ಸಾಲು ಜಾವಾಸ್ಕ್ರಿಪ್ಟ್. ಪುಟ ಜಾಸ್ತಿ ಇದ್ದರೆ, ಬರೆದದ್ದರಿಂದ ಪುಟಗಳನ್ನು ತಯಾರಿಸಿಕೊಡುವ ಹ್ಯೂಗೋ. ಅದು ಒಂದೇ ಫೈಲ್, ಆ ಫೈಲನ್ನೂ ಪ್ರಾಜೆಕ್ಟ್ ಜೊತೆ ಇಟ್ಟುಕೊಂಡರೆ ಎಷ್ಟು ವರ್ಷ ಬಿಟ್ಟು ತೆಗೆದರೂ ಅದೇ ಆವೃತ್ತಿ ಕೈಯಲ್ಲಿರುತ್ತದೆ. ನಿಮ್ಮ ಹೋಮ್‌ಸ್ಟೇಗೆ ಇಷ್ಟು ಸಾಕು.

ರಿಯಾಕ್ಟ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಸ್ಟಾಕ್ ಲೆಕ್ಕ ಇಡುವ ಡ್ಯಾಶ್‌ಬೋರ್ಡ್‌ಗೆ ನಾನೂ ಅದನ್ನೇ ಬಳಸುತ್ತೇನೆ, ಅಲ್ಲಿ ಅದು ತುಂಬಾ ಚೆನ್ನಾಗಿ ಹೊಂದುತ್ತದೆ. ಆದರೆ ಅದರ ಸುತ್ತಲಿನ ಟೂಲ್‌ಗಳು ಬೇಗ ಬದಲಾಗುತ್ತವೆ. ಒಂದು ಕಾಲಕ್ಕೆ ಎಲ್ಲರೂ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದಲೇ ಶುರು ಮಾಡುತ್ತಿದ್ದರು, 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ಹೊಸ ಆ್ಯಪ್‌ಗೆ ಅದು ಬೇಡ ಅಂದಿತು. ನೀವು ಇಂಥದ್ದು ಬಳಸಿದರೆ ನೋಡ್ ಆವೃತ್ತಿಯನ್ನು ಒಂದು ಫೈಲಿನಲ್ಲಿ ಬರೆದಿಡಿ, ಪ್ಯಾಕೇಜ್‌ಗಳ ನಿಖರ ಆವೃತ್ತಿ ಹಿಡಿದಿಡುವ ಲಾಕ್ ಫೈಲನ್ನು ತಪ್ಪದೆ ಗಿಟ್‌ಗೆ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಟೂಲ್) ಸೇರಿಸಿ.

ಟ್ರಸ್ಟ್‌ದು ಬೇರೆ ಕಥೆ. ಅಲ್ಲಿ ಲೇಖನ ಹಾಕುವವರು ನೀವಲ್ಲ, ಅವರ ಆಫೀಸಿನವರು. ಅವರಿಗೆ ಲಾಗಿನ್ ಆಗಿ ಬರೆಯಲು ಒಂದು ಪರದೆ ಬೇಕು. ಆದ್ದರಿಂದ ವರ್ಡ್‌ಪ್ರೆಸ್. ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಸೇರಿಸುವ ತುಣುಕು) ಕಡಿಮೆ ಇಡಿ. ಬ್ಯಾಕಪ್ ತೆಗೆಯುವುದಷ್ಟೇ ಅಲ್ಲ, ಒಂದು ಸಲ ಅದರಿಂದ ಸೈಟನ್ನು ಎಬ್ಬಿಸಿಯೂ ನೋಡಿ.

ಇನ್ನೊಬ್ಬರ ಉತ್ತರ:
ಮೇಲಿನವರು ಹೇಳಿದ್ದು ನಿಜ. ನಾನು ಕನ್ನಡ ಸೈಟ್‌ಗಳನ್ನೇ ಹೆಚ್ಚು ಮಾಡಿದ್ದೇನೆ, ಹಾಗಾಗಿ ಪತ್ರಿಕೆಯ ವಿಷಯ ಮಾತ್ರ ಹೇಳುತ್ತೇನೆ. ಟ್ರಸ್ಟಿನವರ ಹಳೆಯ ಲೇಖನಗಳು ಯಾವ ರೂಪದಲ್ಲಿವೆ ಅಂತ ಇವತ್ತೇ ಕೇಳಿ. ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿದ್ದರೆ ವೆಬ್‌ಗೆ ಹಾಗೇ ಅಂಟಿಸಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಹೋದ ಹಾಗೆ ಕಾಣುತ್ತದೆ. ಎಲ್ಲ ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸಬೇಕು. ಬದಲಿಸುವ ಟೂಲ್‌ಗಳಿವೆ, ಆದರೆ ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಟೂಲ್ ಅದನ್ನು ಹಿಂದೆ ಮುಂದೆ ಮಾಡದಿದ್ದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ.

ಇನ್ನೊಂದು ನನ್ನದೇ ತಪ್ಪು. ಲೇಖನಗಳ ಪಟ್ಟಿಯಲ್ಲಿ ಶೀರ್ಷಿಕೆ ಉದ್ದ ಆದರೆ ಇಂತಿಷ್ಟು ಅಕ್ಷರಕ್ಕೆ ಸ್ಲೈಸ್ ಮಾಡಿ ಚುಕ್ಕಿ ಹಾಕಿದ್ದೆ. ಒಂದು ಶೀರ್ಷಿಕೆ 'ಕನ್' ಅಂತ ನಿಂತಿತ್ತು. 'ಕನ್ನಡ' ನಮಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟ್‌ಗೆ ಐದು: ಕ, ನ, ಒತ್ತು ಸೇರಿಸುವ ಗುರುತು, ನ, ಡ. ಮೂರಕ್ಕೆ ಕತ್ತರಿಸಿದರೆ ಉಳಿಯುವುದು 'ಕನ್'. ಪತ್ರಿಕೆಯ ಸಂಪಾದಕರು ಎಪ್ಪತ್ತು ದಾಟಿದವರು, ಆ ಪರದೆಯನ್ನು ನನಗೆ ತೋರಿಸಿ ಏನೂ ಮಾತಾಡಲಿಲ್ಲ, ತುಂಬಾ ಬೇಜಾರಾಯಿತು. ಈಗ ಪದದ ನಡುವಿನ ಜಾಗ ನೋಡಿ ಮಾತ್ರ ಕತ್ತರಿಸುತ್ತೇನೆ, ಇಲ್ಲವೇ ಸಿಎಸ್‌ಎಸ್‌ನ ಲೈನ್-ಕ್ಲ್ಯಾಂಪ್‌ಗೆ (ಇಷ್ಟೇ ಸಾಲು ಅಂತ ಮಿತಿ ಹಾಕುವ ಸೌಲಭ್ಯ) ಬಿಡುತ್ತೇನೆ.

ಲೈನ್-ಹೈಟ್, ಅಂದರೆ ಒಂದೊಂದು ಸಾಲಿಗೆ ಕೊಡುವ ಎತ್ತರ, ಅದನ್ನೂ ಗಮನಿಸಿ. ಇಂಗ್ಲಿಷ್ ಥೀಮ್‌ಗಳಲ್ಲಿ ಶೀರ್ಷಿಕೆಗೆ ಸಾಮಾನ್ಯವಾಗಿ 1.2 ಇರುತ್ತದೆ, 'ರಾಷ್ಟ್ರ'ದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ನಾನು 1.6ರಿಂದ 1.8 ಇಡುತ್ತೇನೆ. 'ನೋಟೋ ಸೆರಿಫ್ ಕನ್ನಡ' ಫಾಂಟ್ ಓದಲು ಹಿತವಾಗಿದೆ. ಬೋಲ್ಡ್ ಬೇಕಾದರೆ ಅದರ ಬೋಲ್ಡ್ ಫಾಂಟನ್ನೂ ಹಾಕಿ. ಇಲ್ಲದಿದ್ದರೆ ಬ್ರೌಸರ್ ತಾನೇ ದಪ್ಪ ಮಾಡಿ ಅಕ್ಷರದ ಒಳಗಿನ ಸಂದೆಲ್ಲ ಮುಚ್ಚಿಬಿಡುತ್ತದೆ.

ಮತ್ತೊಬ್ಬರು:
ಡೊಮೇನ್ (ಸೈಟಿನ ವಿಳಾಸ) ಗ್ರಾಹಕರ ಹೆಸರಲ್ಲೇ, ಅವರ ಇಮೇಲ್‌ನಲ್ಲೇ ತೆಗೆಸಿ. ನಮ್ಮ ಕಡೆ ಒಂದು ಅಂಗಡಿಯ ಡೊಮೇನ್ ಹಳೆಯ ಡೆವಲಪರ್ ಇಮೇಲ್‌ನಲ್ಲಿತ್ತು. ನವೀಕರಣದ ಮೇಲ್ ಅವರಿಗೆ ಹೋಯಿತು, ಅವರು ಆ ಮೇಲ್ ಬಳಸುವುದನ್ನೇ ಬಿಟ್ಟಿದ್ದರು, ಹೆಸರು ಕೈತಪ್ಪಿತು. ಅಡ್ವಾನ್ಸ್ ಅರ್ಧ ತಗೊಳ್ಳಿ. ವರ್ಷದ ನಿರ್ವಹಣೆಗೆ ಬೇರೆ ದುಡ್ಡು ಅಂತ ಮೊದಲೇ ಬರೆದುಕೊಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ಹೋಮ್‌ಸ್ಟೇಯವರು ಆನ್‌ಲೈನ್ ಬುಕಿಂಗ್ ಬೇಕು ಅಂತಿದ್ದಾರೆ. ರೂಮ್ ಇರುವುದು ನಾಲ್ಕು. ಟ್ರಸ್ಟಿನವರದು ನುಡಿಯಲ್ಲೇ ಇದೆಯಂತೆ, ಹದಿನೈದು ವರ್ಷದ ಸಂಚಿಕೆಗಳು.

ಮೊದಲು ಉತ್ತರಿಸಿದವರು:
ನಾಲ್ಕು ರೂಮಿಗೆ ಬುಕಿಂಗ್ ವ್ಯವಸ್ಥೆ ಕಟ್ಟಬೇಡಿ. ಅವರು ಫೋನಲ್ಲಿ ಬಂದ ಬುಕಿಂಗನ್ನು ಸೈಟಿನಲ್ಲಿ ಹಾಕಲು ಮರೆತ ದಿನ ಒಂದೇ ರೂಮಿಗೆ ಎರಡು ಕುಟುಂಬ ಬಂದು ನಿಲ್ಲುತ್ತವೆ. ದೊಡ್ಡದಾಗಿ ಫೋನ್ ನಂಬರ್, ಪಕ್ಕದಲ್ಲಿ ವಾಟ್ಸ್ಆ್ಯಪ್ ಬಟನ್ ಕೊಡಿ. ಒಂದು ಸೀಸನ್ ನೋಡಿ, ಆಮೇಲೆ ಯೋಚಿಸಿ. ಉಳಿದ ಸಮಯವನ್ನು ಫೋಟೋಗಳಿಗೆ ಕೊಡಿ. ಅವರು ಕಳಿಸುವ ಒಂದೊಂದು ಫೋಟೋ ಐದಾರು ಎಂಬಿ ಇರುತ್ತದೆ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ (ಕಡಿಮೆ ಗಾತ್ರದ ಚಿತ್ರ ರೂಪ) ಮಾಡಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಕಡಿಮೆ ಬೆಲೆಯ ಫೋನ್ ಹಿಡಿದು, ನೆಟ್‌ವರ್ಕ್ ಒಂದೇ ಕಡ್ಡಿ ಇರುವ ಕಡೆ ನಿಂತು ಸೈಟ್ ತೆಗೆದು ನೋಡಿ. ಘಟ್ಟದ ರಸ್ತೆಯಲ್ಲಿ ಬರುವವರು ಅಲ್ಲಿಂದಲೇ ದಾರಿ ಹುಡುಕುವುದು.

ಎರಡನೆಯವರು:
ಹದಿನೈದು ವರ್ಷದ್ದು ಅಂದರೆ ಒಳ್ಳೆಯ ಸಂಗ್ರಹ, ಅವಸರ ಮಾಡಬೇಡಿ. ಮೂಲ ಫೈಲ್‌ಗಳನ್ನು ಮುಟ್ಟದೆ ಎರಡು ಕಡೆ ನಕಲು ಇಡಿ. ಆಮೇಲೆ ಟ್ರಸ್ಟಿನವರನ್ನು ಕೇಳಿ ಒಂದೇ ಒಂದು ಪುಟ ನನಗೆ ಕಳಿಸಿ, ಬದಲಿಸಿ ತೋರಿಸುತ್ತೇನೆ. ಪದ್ಯ ಇರುವ ಪುಟ ಬೇಡ, ಸಾಲುಗಳು ಎಲ್ಲಿ ಮುರಿದವು ಅಂತ ತಿಳಿಯುವುದಿಲ್ಲ. ಗದ್ಯ ಇರಲಿ, ಅದರಲ್ಲಿ 'ಕರ್ನಾಟಕ' ಅಂತ ಎರಡು ಮೂರು ಕಡೆ ಬಂದಿರಲಿ.