ರೈಡರ್ಸ್ ಮೀಟ್ ಕೆಲಸವೂ ನನ್ನದೇ, 600 ಕಿ.ಮೀ. ರೈಡೂ ನನ್ನದೇ. ಹೇಗೆ ನಿಭಾಯಿಸೋದು?

ಒಂಟಿಚೈನ್:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಗುಂಪಿನ ಮೀಟ್ ಇದೆ. 40 ಗಾಡಿ ಬರಬಹುದು. ಹೆಸರು ಬರೆದುಕೊಳ್ಳೋದು, ದಾರಿ ಗೊತ್ತು ಮಾಡೋದು, ಪಾರ್ಕಿಂಗ್, ಇಷ್ಟೂ ನನ್ನ ತಲೆ ಮೇಲಿದೆ. ಯಾರೂ ಹೊರಿಸಲಿಲ್ಲ, ನಾನೇ ಬಾಯಿ ಹಾಕಿ "ನಾನು ಮಾಡ್ತೀನಿ" ಅಂದೆ. ಜಾಗ ನನ್ನಿಂದ 600 ಕಿ.ಮೀ. ದೂರ. ಬೈಕ್ ಬಿಟ್ಟು ಕಾರಿನಲ್ಲಿ ಹೋಗೋಕೆ ಮನಸ್ಸಿಲ್ಲ, ಅದು ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ.

ಕಳೆದ ಸಲ ಅರ್ಧ ದಾರಿಗೇ ಸಾಕಾಗಿ ಹೋಗಿತ್ತು. ಹತ್ತು ನಿಮಿಷಕ್ಕೊಂದು ಫೋನ್. ಜೇಬಿನಲ್ಲಿ ಅದು ಗುಂಯ್ ಅಂದಾಗೆಲ್ಲ ಮನಸ್ಸು ರಸ್ತೆ ಬಿಟ್ಟು ಅಲ್ಲಿಗೇ ಹೋಗುತ್ತಿತ್ತು. ಗಾಡಿ ನಿಲ್ಲಿಸಿ, ಗ್ಲೌಸ್ ಬಿಚ್ಚಿ, ಹೆಲ್ಮೆಟ್ ತೆಗೆದು ನೋಡಿದರೆ "ಅಣ್ಣಾ, ಹೊರಟ್ರಾ?" ಅಂತ ಕೇಳೋಕೆ ಮಾಡಿದ್ದು! ಸಾಲದ್ದಕ್ಕೆ ಹಿಂದಿನ ಸೀಟಿಗೆ ಕಟ್ಟಿದ್ದ ಬ್ಯಾನರ್ ಸುರುಳಿಯ ತುದಿ ಜಾರಿ ಸೈಲೆನ್ಸರ್‌ಗೆ ಅಂಟಿಕೊಂಡು ಕರಗಿತ್ತು. ಅಲ್ಲಿ ಬಿಚ್ಚಿ ಕಟ್ಟಿದಾಗ "ಎಲ್ಲರಿಗೂ ಸ್ವಾಗತ"ದಲ್ಲಿ ಕೊನೆಯ "ತ" ಇಲ್ಲ. ಎರಡು ದಿನವೂ "ಎಲ್ಲರಿಗೂ ಸ್ವಾಗ" ಅಂತಲೇ ನೇತಾಡಿತು.

ಈ ಸಲ ಗುಂಪಿನ ಜೊತೆ ಎಲ್ಲರಿಗಿಂತ ಮುಂದೆ ಇದ್ದು ಲೀಡ್ ಮಾಡಲಾ, ಸ್ವೀಪ್ ಆಗಿ ಕೊನೆಯಲ್ಲಿ ಬರಲಾ? ಮಾಡಿ ನೋಡಿದವರು ಹೇಳಿ.

ಮಳೆಸವಾರ:
ಎರಡೂ ಬೇಡ ಗುರು. ಒಂದು ದಿನ ಮೊದಲೇ ಹೊರಡು, ಒಬ್ಬನೇ.

ನಾನು ಮೂರು ಸಲ ಲೀಡ್ ಮಾಡಿ ಕಲಿತದ್ದು ಇದು. ಲೀಡ್ ಮಾಡುವವನ ಕಣ್ಣು ಮುಂದಿನ ತಿರುವಿನ ಮೇಲೂ ಕನ್ನಡಿಯ ಮೇಲೂ ಇರಬೇಕು. ನಿನ್ನ ತಲೆಯಲ್ಲಿ ಆಗ ಏನಿರುತ್ತೆ? ಜನರೇಟರ್ ಬಂತಾ, ಕೀ ಯಾರ ಹತ್ತಿರ ಇದೆ, ಆ ಮೂವರು ದುಡ್ಡು ಕೊಟ್ಟರಾ. ಫೋನನ್ನು ಹೆಲ್ಮೆಟ್ಟಿನ ಇಂಟರ್‌ಕಾಮ್‌ಗೆ ಜೋಡಿಸಿಕೊಂಡರೆ ಆಯ್ತು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಕೈ ಬಿಡುವಾಗುತ್ತೆ, ತಲೆ ಆಗಲ್ಲ.

ಇನ್ನೊಂದು ವಿಷಯ ನಿದ್ದೆ. ಹೊರಡುವ ಹಿಂದಿನ ರಾತ್ರಿ ಸಂಘಟಕ ಮಲಗಿದ್ದನ್ನು ನಾನಂತೂ ನೋಡಿಲ್ಲ. 17 ಗಂಟೆ ಎಚ್ಚರ ಇದ್ದವನ ಚುರುಕು, ರಕ್ತದಲ್ಲಿ 0.05% ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತೆ ಅಂತ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಕುಡಿದು ಓಡಿಸಲ್ಲ ಅನ್ನುವವರೇ ಇದನ್ನು ಆರಾಮಾಗಿ ಮಾಡ್ತಾರೆ.

ಅದಕ್ಕೆ ಹೊರಡುವ ಎರಡು ದಿನ ಮೊದಲೇ ಪಟ್ಟಿಗಳನ್ನೆಲ್ಲ ಇನ್ನೊಬ್ಬರ ಕೈಗೆ ಕೊಡು. ಯಾರು ಬರ್ತಾರೆ, ಅವರ ರಕ್ತದ ಗುಂಪು ಯಾವುದು, ಏನಾದರೂ ಆದರೆ ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು, ಎಲ್ಲಾ. "ರೈಡ್ ದಿನ ನನಗೆ ಫೋನ್ ಬೇಡ, ಈ ನಂಬರಿಗೆ ಮಾಡಿ" ಅಂತ ಗುಂಪಿನಲ್ಲಿ ಹಾಕಿಬಿಡು. ಮೊದಲ ದಿನ ನಾಲ್ಕು ಜನ ಬೇಜಾರು ಮಾಡಿಕೊಳ್ತಾರೆ. ಮಾಡಿಕೊಳ್ಳಲಿ.

ಹಳೇಗೇರ್:
ನಾನು ಒಪ್ಪಲ್ಲ. ಸಂಘಟಕ ಗುಂಪಿನ ಜೊತೆಗೇ ಇರಬೇಕು, ಸ್ವೀಪ್ ಆಗಿ. ಯಾರಿಗೆ ಎಲ್ಲಿ ತೊಂದರೆ ಆಯ್ತು ಅಂತ ಕೊನೆಯಲ್ಲಿ ಇದ್ದವನಿಗೆ ಮಾತ್ರ ಗೊತ್ತಾಗೋದು. ಮುಂದೆ ಹೋಗಿ ಕೂತವನಿಗೆ ಬರೋದು ಬರೀ ಗಾಳಿಸುದ್ದಿ.

ಮಳೆಸವಾರ:
ಹಳೇಗೇರ್ ಸರ್, ಸ್ವೀಪ್ ಪ್ರತಿ ಪಂಕ್ಚರಿಗೂ ನಿಲ್ಲಬೇಕು. ಕೊನೆಯ ಗಾಡಿ ತಲುಪೋವರೆಗೆ ಅವನೂ ತಲುಪೋ ಹಾಗಿಲ್ಲ. 38 ಜನ ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತಿರುವಾಗ ಕೀ ಇರುವವನು 80 ಕಿ.ಮೀ. ಹಿಂದೆ ಯಾರದೋ ಚಕ್ರ ಬಿಚ್ಚುತ್ತಾ ಕೂತಿರ್ತಾನೆ. ನನಗೇ ಆಗಿದೆ ಇದು. ಸ್ವೀಪ್‌ಗೆ ಪಂಕ್ಚರ್ ಕಿಟ್, ಪಂಪ್, ಪ್ರಥಮ ಚಿಕಿತ್ಸೆ ಗೊತ್ತಿರುವವರನ್ನು ಹಾಕಿ. ತಾಳ್ಮೆ ಇರಲಿ, ಬೇರೆ ಜವಾಬ್ದಾರಿ ಇರಬಾರದು.

ಹಳೇಗೇರ್:
ಸರಿ, ಕೀ ವಿಷಯ ಒಪ್ಪಿದೆ. ಆದರೆ 40 ಗಾಡಿಯನ್ನು ಒಂದೇ ಸಾಲಿನಲ್ಲಿ ಬಿಡಬೇಡಪ್ಪಾ ಚೈನ್. ಲೆಕ್ಕ ಹಾಕಿ ನೋಡು. ಒಬ್ಬರು ನಮ್ಮ ಲೇನಿನ ಈ ಪಕ್ಕ, ಮುಂದಿನವರು ಆ ಪಕ್ಕ, ಹೀಗೆ ಓರೆಯಾಗಿ ಹೋಗುವಾಗ ಓರೆಯಲ್ಲಿರುವ ಗಾಡಿಗೂ ನಿನಗೂ 1 ಸೆಕೆಂಡ್, ನೇರ ಮುಂದಿರುವ ಗಾಡಿಗೆ 2 ಸೆಕೆಂಡ್ ಅಂತರ ಬೇಕು. 80 ಕಿ.ಮೀ. ವೇಗದಲ್ಲಿ 1 ಸೆಕೆಂಡ್ ಅಂದ್ರೆ 22 ಮೀಟರ್. 40 ಗಾಡಿಗೆ ಸಾಲು ಸುಮಾರು 860 ಮೀಟರ್ ಉದ್ದ ಆಗುತ್ತೆ! ಯಾವ ಲಾರಿ ಹಿಂದೆ ಹಾಕುತ್ತೆ ಅದನ್ನು, ಯಾವ ಸಿಗ್ನಲ್ ಬಿಡುತ್ತೆ? ಅದೇ ಏಳು ಗಾಡಿ ಆದರೆ 130 ಮೀಟರ್. ಆರೇಳು ಜನರ ಗುಂಪು ಮಾಡಿ, ಹತ್ತು ನಿಮಿಷ ಬಿಟ್ಟು ಬಿಟ್ಟು ಕಳಿಸು.

ಹೊಸಬರನ್ನು ಕೊನೆಗೆ ಹಾಕಬೇಡ, ಲೀಡ್ ಹಿಂದೆಯೇ ಇರಲಿ. ಮುಂದಿನವನು ಸ್ವಲ್ಪ ವೇಗ ಹೆಚ್ಚಿಸಿದರೆ ಬಾಲದಲ್ಲಿ ಇರುವವನು ಹಿಡಿಯೋಕೆ ಅದಕ್ಕಿಂತ ಜಾಸ್ತಿ ಓಡಿಸಬೇಕಾಗುತ್ತೆ, ರಬ್ಬರ್ ಎಳೆದು ಬಿಟ್ಟ ಹಾಗೆ. ಹೊಸಬ ಬೀಳೋದು ಅಲ್ಲೇ.

ದಾರಿ ತಪ್ಪೋ ಭಯ ಇದ್ದರೆ ಹಳೇ ಉಪಾಯ ಇದೆ. ತಿರುವು ಬಂದಾಗ ಲೀಡ್ ಕೈ ತೋರಿಸಿದ ಜಾಗದಲ್ಲಿ ಅವರ ಹಿಂದಿನ ಗಾಡಿ ನಿಲ್ಲಬೇಕು, ಸ್ವೀಪ್ ಕಾಣೋವರೆಗೂ ಉಳಿದವರಿಗೆ ದಾರಿ ತೋರಿಸಿ, ಆಮೇಲೆ ಸ್ವೀಪ್ ಮುಂದೆ ಸೇರಿಕೊಳ್ಳಬೇಕು. ದಾರಿ ಇಬ್ಬರಿಗೆ ಗೊತ್ತಿದ್ದರೆ ಸಾಕು. ಮೊಬೈಲ್ ಮ್ಯಾಪ್ ನಂಬಿದರೆ ಎಷ್ಟು ಫೋನೋ ಅಷ್ಟು ದಾರಿ.

ಟ್ಯಾಂಕ್‌ಬ್ಯಾಗ್:
ಸಾಮಾನಿನ ಬಗ್ಗೆ ಯಾರೂ ಹೇಳಲೇ ಇಲ್ಲ. ಬ್ಯಾನರ್, ಟೀ ಶರ್ಟ್ ಕಟ್ಟು ಎಲ್ಲಾ ಕಾರಿನಲ್ಲಿ ಬರುವವರಿಗೆ ಕೊಟ್ಟುಬಿಡಿ, ಯಾರಾದರೂ ಒಬ್ಬರು ಇದ್ದೇ ಇರ್ತಾರೆ. ಕೊಂಡೊಯ್ಯಲೇಬೇಕು ಅಂದ್ರೆ ಭಾರದ್ದು ಕೆಳಗೆ, ನಿಮ್ಮ ಬೆನ್ನಿಗೆ ಹತ್ತಿರ. ಹಿಂದಿನ ಚಕ್ರಕ್ಕಿಂತ ಆಚೆ ನೇತುಹಾಕಿದರೆ ಮುಂಭಾಗ ಹಗುರವಾಗಿ ಹ್ಯಾಂಡಲ್ ಅಲ್ಲಾಡೋಕೆ ಶುರು ಮಾಡುತ್ತೆ. ಎಳೆದರೆ ಹಿಗ್ಗೋ ಬಂಜಿ ಹಗ್ಗ ಮೇಲಿನ ಜಾಕೆಟ್ಟಿಗೆ ಸಾಕು, ಭಾರಕ್ಕೆ ಬಕಲ್ ಇರುವ ಪಟ್ಟಿಯೇ ಬೇಕು. ಪಟ್ಟಿಯ ಉಳಿದ ಬಾಲವನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿ, ಚೈನಿಗೆ ಹೋದರೆ ಕಥೆ ಮುಗೀತು.

ಭಾರ ಹಾಕಿದ ಮೇಲೆ ಹಿಂದಿನ ಸಸ್ಪೆನ್ಷನ್ ಸ್ವಲ್ಪ ಗಟ್ಟಿ ಮಾಡಿ, ಗಾಳಿ ಇಬ್ಬರು ಕೂತಾಗ ಇಡೋ ಲೆಕ್ಕಕ್ಕೆ ಹಾಕಿ, ಟೈರ್ ತಣ್ಣಗಿರುವಾಗಲೇ ನೋಡಿ. ಹಿಂಭಾಗ ಕೂತರೆ ಹೆಡ್‌ಲೈಟ್ ಆಕಾಶ ನೋಡುತ್ತೆ, ಅದನ್ನೂ ಸರಿ ಮಾಡಿ. ಚೈನಿಗೆ ದಾರಿ ಮಧ್ಯೆ ಒಂದು ಸಲ ಲೂಬ್, ಬಿಸಿ ಇರುವಾಗ ಹಾಕಿದರೆ ಚೆನ್ನಾಗಿ ಒಳಗೆ ಇಳಿಯುತ್ತೆ.

ಒಂಟಿಚೈನ್:
ಎಲ್ಲರಿಗೂ ಥ್ಯಾಂಕ್ಸ್. ಒಂದು ದಿನ ಮೊದಲೇ ಹೊರಡ್ತೀನಿ, ಒಬ್ಬನೇ. ಪಟ್ಟಿ ನಾಳೆಯೇ ತಂಗಿಗೆ ಕೊಡ್ತೀನಿ, ಅವಳು ನನಗಿಂತ ಗಟ್ಟಿ, ಸುಮ್ನೆ ಫೋನ್ ಮಾಡಿದವರಿಗೆ ಎರಡನೇ ಸಲ ಮಾಡೋ ಧೈರ್ಯ ಬರಲ್ಲ. ಇನ್ನೊಂದೇ ಪ್ರಶ್ನೆ. ಪಾರ್ಕಿಂಗ್ ಜಾಗ ಹುಲ್ಲು ನೆಲ. ಮಳೆ ಬಂದರೆ?

ಹಳೇಗೇರ್:
ಸೈಡ್ ಸ್ಟ್ಯಾಂಡ್ ಮೆಲ್ಲಗೆ ಇಳಿಯುತ್ತೆ, ಒಂದು ಬಿದ್ದರೆ ಸಾಲಾಗಿ ಬೀಳುತ್ತವೆ. ಅಂಗೈ ಅಗಲದ ಹಲಗೆ ತುಂಡು 40 ಕತ್ತರಿಸಿ ಇಡು, ಸ್ಟ್ಯಾಂಡ್ ಕೆಳಗೆ ಇಡೋಕೆ ಬಂದವರಿಗೆಲ್ಲ ಗೇಟಿನಲ್ಲೇ ಕೊಡು. ಗಾಡಿಗಳ ಮಧ್ಯೆ ಒಬ್ಬರು ಹೆಲ್ಮೆಟ್ ಹಿಡಿದು ನಡೆಯುವಷ್ಟು ಜಾಗ ಬಿಡಿಸು, ಮೂತಿ ಹೊರಕ್ಕೆ ಇರಲಿ. ಹಲಗೆ ಮೇಲೆ ನಂಬರ್ ಬರೆದರೆ ಯಾರು ಬಂದರು ಅನ್ನೋ ಲೆಕ್ಕವೂ ಸಿಕ್ಕಿತು.

ಮಳೆಸವಾರ:
ನಂಬರ್ ಬದಲು "ಸ್ವಾಗ" ಅಂತ ಬರೆಸು.