ಕ್ಲೀವ್‌ಲ್ಯಾಂಡಿನ ಹಳೇ ಥಿಯೇಟರುಗಳು ಉಳಿದದ್ದು ಹೇಗೆ

ಚಿಕ್ಕಪ್ಪ, ರಸ್ತೆ ಮೇಲೆ ದೀಪದ ಗೊಂಚಲು ನೇತಾಡುವ ಫೋಟೋ ನಿನ್ನೆ ಗ್ರೂಪಿಗೆ ಹಾಕಿದ್ದೆನಲ್ಲ, ಅದನ್ನು ನೋಡಿ ನೀವು ಕೇಳಿದಿರಿ, ನೂರು ವರ್ಷದ ಹಳೇ ಥಿಯೇಟರು ಇಟ್ಟುಕೊಂಡು ಏನು ಮಾಡುತ್ತಾರೆ, ಕೆಡವಿ ಹೊಸದು ಕಟ್ಟಬಾರದಾ, ಇದಕ್ಕೆಲ್ಲ ದುಡ್ಡು ಯಾರದು ಅಂತ. ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ ಇದು. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಅದು ಒಂದು ಥಿಯೇಟರಲ್ಲ, ಐದು. ಅಮೆರಿಕದ ಈ ಕ್ಲೀವ್‌ಲ್ಯಾಂಡಿನ ಪೇಟೆ ಮಧ್ಯದಲ್ಲಿ ಯೂಕ್ಲಿಡ್ ಅವೆನ್ಯೂ ಅಂತ ರಸ್ತೆ ಇದೆ. ಅದರ ಆಸುಪಾಸಿನಲ್ಲೇ 1921 ಮತ್ತು 1922ರಲ್ಲಿ ಐದೂ ಎದ್ದವು. ಸ್ಟೇಟ್, ಒಹಾಯೊ, ಹ್ಯಾನಾ, ಅಲೆನ್, ಪ್ಯಾಲೇಸ್. ಎಲ್ಲಾ ಸೇರಿ ಪ್ಲೇಹೌಸ್ ಸ್ಕ್ವೇರ್. ಆಮೇಲೆ ಟಿವಿ ಬಂತು, ಜನ ಊರಾಚೆ ಬಡಾವಣೆಗಳಲ್ಲಿ ಮನೆ ಮಾಡಿಕೊಂಡರು, ಸಂಜೆಯಾದರೆ ಪೇಟೆ ಕಡೆ ತಲೆ ಹಾಕುವವರೇ ಕಡಿಮೆಯಾದರು. 1968-69ರಲ್ಲಿ ಹ್ಯಾನಾ ಒಂದು ಬಿಟ್ಟು ಉಳಿದ ನಾಲ್ಕಕ್ಕೂ ಬೀಗ ಬಿತ್ತು. ಈ ಚಳಿಯಲ್ಲಿ ಹೀಟರ್ ಆರಿಸಿ ಬಿಟ್ಟ ಕಟ್ಟಡ ಎಷ್ಟು ಬೇಗ ಹಾಳಾಗುತ್ತೆ ಅಂದರೆ, ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಒಡೆಯುತ್ತೆ, ಸೂರು ಸೋರುತ್ತೆ, ಚಾವಣಿಯ ಗಾರೆ ಕೆಲಸವೆಲ್ಲ ಉದುರುತ್ತೆ.

1970ರಲ್ಲಿ ರೇ ಶೆಪರ್ಡ್‌ಸನ್ ಅಂತ ಒಬ್ಬರು, ಶಾಲಾ ಮಂಡಳಿಯಲ್ಲಿ ಕೆಲಸ, ಇನ್ನೂ ಇಪ್ಪತ್ತಾರರ ಹುಡುಗ, ಮೇಷ್ಟ್ರುಗಳ ಸಭೆಗೆ ಜಾಗ ಹುಡುಕುತ್ತಾ ಮುಚ್ಚಿದ್ದ ಸ್ಟೇಟ್ ಥಿಯೇಟರಿನ ಒಳಗೆ ಹೋದರು. ಸಭೆ ಮಾತು ಅಲ್ಲಿಗೇ ಮರೆತುಹೋಯಿತು ಅನ್ನಿಸುತ್ತೆ. ಅವರ ಮುಂದಿನ ಒಂಬತ್ತು ವರ್ಷ ಇದಕ್ಕೇ ಹೋಯಿತು. 1972ರಲ್ಲಂತೂ ಸ್ಟೇಟ್ ಮತ್ತು ಒಹಾಯೊ ಎರಡನ್ನೂ ಕೆಡವುವುದು ಅಂತ ಮಾಲೀಕರು ಹೇಳಿಯೇಬಿಟ್ಟರು. ಏನು ಕಟ್ಟೋಕೆ ಗೊತ್ತಾ ಚಿಕ್ಕಪ್ಪ? ಏನೂ ಇಲ್ಲ, ಕಾರು ನಿಲ್ಲಿಸೋಕೆ! ಆ ಹೊತ್ತಲ್ಲಿ ಜೂನಿಯರ್ ಲೀಗ್ ಅನ್ನುವ ಹೆಂಗಸರ ಸಂಘ 25,000 ಡಾಲರ್ ಕೊಟ್ಟಿತು. ಅಷ್ಟು ದೊಡ್ಡ ಕಟ್ಟಡಕ್ಕೆ ಅದು ಯಾವ ಮೂಲೆಗೆ, ಆದರೆ ಕೆಡವುವುದು ನಿಂತಿತು.

ದುಡ್ಡು ಎಲ್ಲಿಂದ ಅಂದಿರಲ್ಲ, ನನಗೆ ತುಂಬ ಹಿಡಿಸಿದ್ದು ಇದೇ. ಮೊದಲು ಕೋಟಿಗಟ್ಟಲೆ ಹೊಂದಿಸಿ, ರಿಪೇರಿ ಎಲ್ಲ ಮುಗಿಸಿ, ಆಮೇಲೆ ಬಾಗಿಲು ತೆಗೆಯೋಣ ಅಂತ ಅವರು ಕೂರಲಿಲ್ಲ. 1973ರಲ್ಲಿ ಸ್ಟೇಟ್ ಥಿಯೇಟರಿನ ಲಾಬಿಯಲ್ಲೇ ಮೇಜು ಕುರ್ಚಿ ಹಾಕಿ ಒಂದು ಸಣ್ಣ ಹಾಡಿನ ಪ್ರದರ್ಶನ ಶುರು ಮಾಡಿದರು. ಕೆಲವೇ ವಾರ ನಡೆದೀತು ಅಂದುಕೊಂಡಿದ್ದು ಎರಡು ವರ್ಷ ನಡೆಯಿತು, 522 ಪ್ರದರ್ಶನ! ಪೇಟೆಗೆ ರಾತ್ರಿ ಯಾರು ಬರುತ್ತಾರೆ ಅನ್ನುತ್ತಿದ್ದವರ ಬಾಯಿ ಮುಚ್ಚಿತು. ಜನ ಬಂದ ಮೇಲೆ ದುಡ್ಡೂ ಬಂತು. 1977ರಲ್ಲಿ ಕೌಂಟಿ ಸರ್ಕಾರವೇ, ಅಂದರೆ ನಮ್ಮ ಜಿಲ್ಲಾಡಳಿತದ ಥರದ್ದು, ಸ್ಟೇಟ್ ಮತ್ತು ಒಹಾಯೊ ಇರುವ ಕಟ್ಟಡ ಕೊಂಡಿತು, 1982ಕ್ಕೆ ಒಹಾಯೊ, 1984ಕ್ಕೆ ಸ್ಟೇಟ್, 1988ಕ್ಕೆ ಪ್ಯಾಲೇಸ್, ಹೀಗೆ ಒಂದೊಂದಾಗಿ ಬಾಗಿಲು ತೆರೆದವು. ಈಗ ಆಸುಪಾಸಿನ ಆಫೀಸು ಕಟ್ಟಡಗಳೂ ಈ ಥಿಯೇಟರುಗಳನ್ನು ನಡೆಸುವ ಸಂಸ್ಥೆಯ ಕೈಯಲ್ಲಿವೆ, ಆ ಬಾಡಿಗೆಯೂ ಥಿಯೇಟರುಗಳಿಗೆ ಆಸರೆ. ಕೆಂಪು ಕೋಟು ಹಾಕಿಕೊಂಡು ನಮಗೆ ಸೀಟು ತೋರಿಸುವವರು ಸಂಬಳ ಇಲ್ಲದೆ ಬರುವ ಊರಿನ ಜನ, ಹೆಚ್ಚಿನವರು ನಿಮ್ಮ ವಯಸ್ಸಿನವರೇ.

ಸ್ಟೇಟ್ ಥಿಯೇಟರಿನ ಆ ಲಾಬಿ ಬಗ್ಗೆ ಹೇಳಲೇಬೇಕು. 320 ಅಡಿ ಉದ್ದ. ಥಿಯೇಟರು ಹಿಂದುಗಡೆ ಇದೆ, ಆದರೆ ಬಾಗಿಲು ಮಾತ್ರ ಯೂಕ್ಲಿಡ್ ರಸ್ತೆಗೇ ಬೇಕು ಅಂತ ಅಷ್ಟು ಉದ್ದದ ದಾರಿ ಕಟ್ಟಿದ್ದಾರೆ. ನಡೆಯುತ್ತಾ ಹೋದರೆ ಮುಗಿಯುವುದೇ ಇಲ್ಲ. ಗೋಡೆಯ ಮೇಲೆ ಜೇಮ್ಸ್ ಡಾಹರ್ಟಿ ಬರೆದ ನಾಲ್ಕು ದೊಡ್ಡ ಚಿತ್ರ, ನಾಲ್ಕು ಖಂಡಕ್ಕೆ ಒಂದೊಂದು. ನಾನು ಮೊದಲ ಸಲ ಹೋದಾಗ ಕತ್ತೆತ್ತಿ ನೋಡುತ್ತಾ ನಿಂತು ಹಿಂದೆ ಬರುತ್ತಿದ್ದವರಿಗೆಲ್ಲ ಅಡ್ಡ ಆಗಿದ್ದೆ, ಯಾರೂ ಬೈಯಲಿಲ್ಲ, ಅವರೂ ಮೇಲೆ ನೋಡುತ್ತಿದ್ದರು. ಪಕ್ಕದ ಒಹಾಯೊ ಲಾಬಿ 1964ರಲ್ಲಿ ಬೆಂಕಿಗೆ ಹಾಳಾಗಿತ್ತು. ಅದನ್ನು ಮೊದಲಿನ ಹಾಗೆ ಮಾಡಿ ಮುಗಿಸಿದ್ದು 2016ರಲ್ಲಿ, ಐವತ್ತೆರಡು ವರ್ಷ ಆದ ಮೇಲೆ. ಇಂಥದ್ದನ್ನು ಕೆಡವಿದರೆ ಮತ್ತೆ ಯಾರು ಕಟ್ಟುತ್ತಾರೆ ಹೇಳಿ.

ಫೋಟೋದಲ್ಲಿರೋ ಗೊಂಚಲು ಹಳೆಯದಲ್ಲ, 2014ರಲ್ಲಿ ಹಾಕಿದ್ದು. ಇಪ್ಪತ್ತು ಅಡಿ ಎತ್ತರ, 4,200 ಹರಳು. ಅದೇ ವರ್ಷ ಶೆಪರ್ಡ್‌ಸನ್ ತೀರಿಕೊಂಡರು.

ನೀವು ಚಿಕ್ಕಮ್ಮ ಇಬ್ಬರೂ ಇಲ್ಲಿಗೆ ಬಂದಾಗ ಸ್ಟೇಟ್‌ನಲ್ಲಿ ಏನು ನಡೆಯುತ್ತಿದ್ದರೂ ಸರಿ, ಟಿಕೆಟ್ ತೆಗೆಸುತ್ತೇನೆ. ಒಂದು ಗಂಟೆ ಮೊದಲೇ ಹೊರಡೋಣ, ಲಾಬಿ ನೋಡೋಕೇ ಅಷ್ಟು ಹೊತ್ತು ಬೇಕು.