ಫ್ಲೋಟಿಗೆ ಹಾಕಿಸುವ ಬೆಸುಗೆಗೆ ಬೇರೆ ಹೆಸರಿದೆಯೇ?

ಗೆಳೆಯರೇ,

ಹಳೇ ಜಾವಾ ಬೈಕುಗಳ ಕಾರ್ಬುರೇಟರ್ (ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಕೊಡುವ ಭಾಗ) ರಿಪೇರಿ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಈ ಗಾಡಿಗಳನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಈಗ ಒಂದು ಭಾಗ ಕೆಟ್ಟರೆ ಹೊಸದು ಹುಡುಕುವುದಕ್ಕಿಂತ ಇರುವುದನ್ನೇ ಸರಿಮಾಡುವುದು ಮೇಲು. ಬರೆಯುತ್ತಾ ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ: ಬೆಸುಗೆ.

ಕಾರ್ಬುರೇಟರಿನ ಬಟ್ಟಲಿನೊಳಗೆ ತೆಳು ಹಿತ್ತಾಳೆ ತಗಡಿನ ಟೊಳ್ಳು ಫ್ಲೋಟ್ ಇರುತ್ತದೆ. ಪೆಟ್ರೋಲ್ ಏರಿದಂತೆ ಅದೂ ಏರಿ, ನೀಡಲನ್ನು, ಅಂದರೆ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿಯನ್ನು, ಒತ್ತಿ ಪೆಟ್ರೋಲ್ ತಡೆಯುತ್ತದೆ. ತಗಡಿನ ಜೋಡಣೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಫ್ಲೋಟ್ ಮುಳುಗುತ್ತದೆ, ಪೆಟ್ರೋಲ್ ಹೊರಗೆ ಸುರಿಯುತ್ತದೆ. ‘ಫ್ಲೋಟ್ ಪೆಟ್ರೋಲ್ ಕುಡಿದಿದೆ ಸಾರ್, ಅದಕ್ಕೇ ಓವರ್‌ಫ್ಲೋ ಹೊಡೀತಿದೆ’ ಅನ್ನುತ್ತಾರೆ ನಮ್ಮ ಮೆಕ್ಯಾನಿಕ್‌ಗಳು. ಈ ‘ಕುಡಿದಿದೆ’ ನನಗೆ ತುಂಬಾ ಇಷ್ಟ. ಕೈಪಿಡಿಯಲ್ಲೂ ಹಾಗೇ ಬರೆದಿದ್ದೇನೆ.

ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುವುದು ಕೇಳುತ್ತದೆ. ಬಿಸಿನೀರಲ್ಲಿ ಮುಳುಗಿಸಿ ಹಿಡಿದರೆ ಒಳಗಿನ ಗಾಳಿ ಹಿಗ್ಗಿ, ತೂತಿನಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಅಲ್ಲಿ ಗುರುತು ಹಾಕಬೇಕು. ಒಳಗಿನ ಪೆಟ್ರೋಲ್ ಪೂರ್ತಿ ತೆಗೆದು, ಚೆನ್ನಾಗಿ ಒಣಗಿಸಬೇಕು. ಆಮೇಲೆ ಆ ಜಾಗವನ್ನು ಎಮರಿ ಕಾಗದದಲ್ಲಿ ತಿಕ್ಕಿ, ಒಂದು ಹನಿ ಸೋಲ್ಡರ್ (ಬೇಗ ಕರಗುವ, ತವರ ಬೆರೆತ ಲೋಹ) ಇಟ್ಟರೆ ಮುಗಿಯಿತು. ಸೋಲ್ಡರ್ ಜಾಸ್ತಿ ಆದರೆ ಫ್ಲೋಟ್ ಭಾರವಾಗಿ ಪೆಟ್ರೋಲ್ ಮಟ್ಟವೇ ಬದಲಾಗುತ್ತದೆ.

ಇದನ್ನು ‘ಬೆಸುಗೆ ಹಾಕಿಸಿ’ ಅಂತ ಬರೆಯಲೇ? ಬೆಸೆ ಅನ್ನುವುದರಿಂದ ಬಂದ ಒಳ್ಳೇ ಪದ, ಎಲ್ಲರಿಗೂ ಗೊತ್ತು. ಆದರೆ ಕಬ್ಬಿಣದ ಗೇಟಿಗೆ ವೆಲ್ಡಿಂಗ್ ಮಾಡುವುದೂ ಬೆಸುಗೆಯೇ. ಅಕ್ಕಸಾಲಿಗರು ಬಿಳಿಗಾರ ಹಚ್ಚಿ ಒಡವೆಯ ಕೊಂಡಿ ಕೂಡಿಸುವುದೂ ಬೆಸುಗೆಯೇ. ರೇಡಿಯೋ ರಿಪೇರಿಯವರು ತಂತಿಗೆ ಹಾಕುವುದೂ ಅದೇ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಎದುರಿಗೆ ವಸ್ತು ಇರುತ್ತದೆ. ಬರಹದಲ್ಲಿ ಹಾಗಲ್ಲ. ಸೋಲ್ಡರ್ ಕರಗುವುದು ಸುಮಾರು 190 ಡಿಗ್ರಿ ಸೆಲ್ಸಿಯಸ್‌ಗೆ, ಹಿತ್ತಾಳೆ ಸುಮಾರು 900ಕ್ಕೆ. ಗ್ಯಾಸ್ ವೆಲ್ಡಿಂಗಿನ ಉರಿ 3000 ದಾಟುತ್ತದೆ. ‘ಬೆಸುಗೆ’ ಅಂತ ಓದಿದವರು ಫ್ಲೋಟನ್ನು ಸೀದಾ ವೆಲ್ಡಿಂಗ್ ಅಂಗಡಿಗೆ ಒಯ್ದರೆ ತಗಡು ಕರಗಿಹೋಗುತ್ತದೆ. ಒಳಗೆ ಪೆಟ್ರೋಲ್ ಆವಿ ಉಳಿದಿದ್ದರೆ ಸಿಡಿದು ಮುಖಕ್ಕೇ ಬರಬಹುದು. ನನ್ನ ಚಿಂತೆ ಇದೇ.

ಸದ್ಯಕ್ಕೆ ‘ತವರದ ಬೆಸುಗೆ’ ಅಂತ ಬರೆದು, ಮುಂದಿನ ಸಾಲಿನಲ್ಲೇ ‘ಕಾಯಿಸಿದ ಸೋಲ್ಡರಿಂಗ್ ಐರನ್ನಿಂದ ಮಾತ್ರ, ಉರಿ ಹಿಡಿಯಬಾರದು’ ಅಂತ ಸೇರಿಸಿದ್ದೇನೆ. ಸೋಲ್ಡರಿನಲ್ಲಿ ತವರ ಇರುವುದರಿಂದ ಇದು ತಪ್ಪಲ್ಲ ಅನ್ನಿಸುತ್ತದೆ. ಸುಮ್ನೆ ‘ಸೋಲ್ಡರ್ ಮಾಡಿಸಿ’ ಅಂದರೂ ನಡೆಯುತ್ತದೆ, ನಿಜ. ಆದರೆ ತೂತಾದ ಹಿತ್ತಾಳೆ ಬಿಂದಿಗೆಯನ್ನು ಹೀಗೇ ಮುಚ್ಚುತ್ತಿದ್ದ ಕಾಲದಲ್ಲಿ ಅದಕ್ಕೊಂದು ಬೇರೆ ಮಾತು ಇದ್ದಿರಲೇಬೇಕು, ಅಲ್ವಾ?

ಇನ್ನೊಂದು ಸಣ್ಣ ಪ್ರಶ್ನೆ. ಫ್ಲೋಟಿಗೆ ‘ಬೆಂಡು’ ಅಂದರೆ ಹೇಗೆ? ಮೀನು ಹಿಡಿಯುವ ಗಾಳಕ್ಕೆ ಕಟ್ಟುವುದು ಬೆಂಡೇ. ಎರಡೂ ತೇಲುತ್ತವೆ, ಎರಡೂ ಕೆಳಗಾದಾಗ ಏನೋ ಆಗಿದೆ ಅಂತ ತಿಳಿಯುತ್ತದೆ. ಗ್ಯಾರೇಜಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲವಾದ್ದರಿಂದ ಮೊದಲ ಸಲ ಬಂದಾಗ ಮಾತ್ರ ‘ಫ್ಲೋಟ್, ಅಂದರೆ ಬೆಂಡು’ ಅಂತ ಹಾಕುವ ಯೋಚನೆಯಿದೆ.

ಹಾಸನ, ಅರಸೀಕೆರೆ, ಬೇಲೂರು ಕಡೆ ಕಲಾಯಿ ಹಾಕುವವರ, ಸ್ಟೌ ರಿಪೇರಿಯವರ ಮಾತು ಕೇಳಿ ಬೆಳೆದವರು ಇಲ್ಲಿದ್ದರೆ ತಿಳಿಸಿ: ಪಾತ್ರೆಯ ತೂತಿಗೆ ತವರ ಕರಗಿಸಿ ಹಾಕುವುದಕ್ಕೆ ಅವರು ಏನನ್ನುತ್ತಿದ್ದರು?